ತಲೆಬರಹದಿಂದ ಬಿದ್ದುಹೋದ ಅರ್ಧ ವಾಕ್ಯ: ಪತ್ರಿಕಾ ಸಂಪಾದಕರಿಗೆ ದಂತವೈದ್ಯೆಯೊಬ್ಬಳ ಬಹಿರಂಗ ಪತ್ರ

ಮಾನ್ಯ ಸಂಪಾದಕರೇ, ಸುದ್ದಿಮನೆಯ ಗೆಳೆಯರೇ,

2020ರ ಆಗಸ್ಟ್ ತಿಂಗಳ ಕೊನೆಯ ವಾರ. ನಮ್ಮ ಚಿಕಿತ್ಸಾಲಯಕ್ಕೆ ಐವತ್ತರ ಆಸುಪಾಸಿನ ಒಬ್ಬರು ಬಂದರು. ಎಡಗಡೆಯ ಬಾವು ದವಡೆ ದಾಟಿ ಕುತ್ತಿಗೆಗೆ ಇಳಿದಿತ್ತು, ಚರ್ಮ ಬಿಗಿದುಕೊಂಡು ಹೊಳೆಯುತ್ತಿತ್ತು. ಬಾಯಿ ತೆರೆಯಿರಿ ಎಂದರೆ ಒಂದು ಬೆರಳು ತೂರುವಷ್ಟೂ ತೆರೆಯಲು ಆಗಲಿಲ್ಲ. ನೋವು ಶುರುವಾಗಿ ಹನ್ನೊಂದು ದಿನವಾಗಿತ್ತಂತೆ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದೆ. ಅವರಿಗೆ ಮಾತಾಡುವುದೇ ಕಷ್ಟವಾಗಿತ್ತು. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಪತ್ರಿಕೆಯ ತುಣುಕೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ಮಡಿಕೆಯ ಗೆರೆಯಲ್ಲಿ ಸಣ್ಣಕ್ಷರಗಳು ಮಾಸಿಹೋಗಿದ್ದವು. ದಪ್ಪಕ್ಷರದ ತಲೆಬರಹ ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಸದ್ಯಕ್ಕೆ ದಂತವೈದ್ಯರ ಬಳಿ ಹೋಗಬೇಡಿ, ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಂಬ ಅರ್ಥದ ಎರಡು ಸಾಲು.

ಕೆಳದವಡೆಯ ಕೊನೆಯ ಹಲ್ಲೊಂದು ಹುಳುಕಾಗಿ, ಅದರ ಬೇರಿನ ತುದಿಯಲ್ಲಿ ಕಟ್ಟಿದ ಕೀವು ನಾಲಗೆಯ ಕೆಳಗಿನ ಜಾಗಕ್ಕೆ ಹರಡಿತ್ತು. ಇದಕ್ಕೆ ಲುಡ್ವಿಗ್ ಆಂಜೈನಾ ಎನ್ನುತ್ತೇವೆ. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ವಿವರಿಸಿಟ್ಟ ಕಾಯಿಲೆ. ಬಾವು ನಾಲಗೆಯನ್ನು ಮೇಲಕ್ಕೂ ಹಿಂದಕ್ಕೂ ಒತ್ತುತ್ತ ಹೋಗಿ ಕೊನೆಗೆ ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ನಾನು ಅವರನ್ನು ಕುರ್ಚಿಯಲ್ಲಿ ಒರಗಿಸಲೂ ಇಲ್ಲ. ಕೂತ ಭಂಗಿಯಲ್ಲೇ ಆಂಬ್ಯುಲೆನ್ಸ್ ಹತ್ತಿಸಿ ದೊಡ್ಡಾಸ್ಪತ್ರೆಗೆ ಕಳಿಸಿದೆವು. ಅಲ್ಲಿ ಕುತ್ತಿಗೆಯಲ್ಲಿ ಎರಡು ಕಡೆ ಕೊಯ್ದು ಕೀವು ತೆಗೆದರು, ಆ ಹಲ್ಲನ್ನೂ ಕಿತ್ತರು. ಅವರು ಬದುಕಿಕೊಂಡರು. ದವಡೆಯ ಕೆಳಗೆ ಗಾಯದ ಗುರುತು ಈಗಲೂ ಇದೆ.

ಮೊದಲ ದಿನವೇ ಬಂದಿದ್ದರೆ ಅರ್ಧ ಗಂಟೆಯ ಕೆಲಸವಿತ್ತು.

ಆ ಪತ್ರಿಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಇದು ಒಂದು ಪತ್ರಿಕೆಯ ತಪ್ಪಾಗಿ ಮುಗಿದುಹೋಗುತ್ತದೆ. ಆ ವಾರ ಲೋಕದ ಹಲವು ಭಾಷೆಗಳಲ್ಲಿ ಹೆಚ್ಚುಕಡಿಮೆ ಇದೇ ತಲೆಬರಹ ಅಚ್ಚಾಯಿತು. ಹಾಗಾಗಿ ಈ ಪತ್ರ ನಿಮ್ಮೆಲ್ಲರಿಗೂ. ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಘೋಷಣೆಯಾಯಿತು. ಇನ್ನೊಂದು ಸಾಂಕ್ರಾಮಿಕ ಬರುವುದಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಅದು ಬರುವ ಮೊದಲು, ತಲೆ ತಣ್ಣಗಿರುವಾಗಲೇ, ಈ ಮಾತು ನಮ್ಮ ನಡುವೆ ಆಗಬೇಕು ಎಂದು ನನಗೆ ಅನಿಸಿದೆ.

ಮೊದಲು ಆ ಸಲಹೆಯನ್ನೇ ನೋಡೋಣ. ವಿಶ್ವ ಆರೋಗ್ಯ ಸಂಸ್ಥೆ 2020ರ ಆಗಸ್ಟ್ 3ರಂದು ಬಾಯಿಯ ಆರೋಗ್ಯ ಸೇವೆಗಳ ಬಗ್ಗೆ ಮಧ್ಯಂತರ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಅದರಲ್ಲಿದ್ದದ್ದು ಇಷ್ಟು: ಸೋಂಕು ಸಮುದಾಯದಲ್ಲಿ ವ್ಯಾಪಕವಾಗಿ ಹರಡುತ್ತಿರುವ ಕಡೆ, ತುರ್ತಿಲ್ಲದ ವಾಡಿಕೆಯ ತಪಾಸಣೆ, ಹಲ್ಲು ಸ್ವಚ್ಛಗೊಳಿಸುವುದು, ಮುನ್ನೆಚ್ಚರಿಕೆಯ ಚಿಕಿತ್ಸೆ ಇವನ್ನು ಸೋಂಕು ಸಾಕಷ್ಟು ಇಳಿಯುವವರೆಗೆ ಮುಂದೂಡಬಹುದು, ಇಲ್ಲವೇ ಆಯಾ ದೇಶದ, ಪ್ರದೇಶದ ಅಧಿಕಾರಿಗಳು ಹೇಳಿದಂತೆ ನಡೆಯಬಹುದು. ತೀವ್ರ ನೋವು, ಊತ, ರಕ್ತಸ್ರಾವದಂಥ ತುರ್ತು ಸಂದರ್ಭಗಳಲ್ಲಿ ಚಿಕಿತ್ಸೆ ಕೊಡಲೇಬೇಕು ಎಂಬುದೂ ಅದರಲ್ಲೇ ಇತ್ತು. ಅಂದರೆ ಒಂದು ಸಲಹೆ, ಅದಕ್ಕೆ ಎರಡು ಷರತ್ತು, ಜೊತೆಗೆ ಒಂದು ವಿನಾಯಿತಿ. ತಲೆಬರಹಕ್ಕೆ ಏರುವ ಹೊತ್ತಿಗೆ ಷರತ್ತು ಉದುರಿತು, ವಿನಾಯಿತಿ ಉದುರಿತು. ಉಳಿದದ್ದು 'ಹೋಗಬೇಡಿ' ಎಂಬ ಒಂದೇ ಪದ.

ಆಗಸ್ಟ್ 12ರಂದು ಅಮೆರಿಕದ ದಂತವೈದ್ಯ ಸಂಘವಾದ ಎಡಿಎ ತಾನು ಈ ಸಲಹೆಯನ್ನು ಗೌರವಪೂರ್ವಕವಾಗಿ, ಆದರೆ ಬಲವಾಗಿ ಒಪ್ಪುವುದಿಲ್ಲ ಎಂದು ಹೇಳಿಕೆ ಕೊಟ್ಟಿತು. ಬಾಯಿಯ ಆರೋಗ್ಯ ದೇಹದ ಆರೋಗ್ಯದ ಭಾಗ, ದಂತಚಿಕಿತ್ಸೆ ಅತ್ಯಗತ್ಯ ಸೇವೆ ಎಂಬುದು ಅದರ ವಾದ. ಈಗ ಸುದ್ದಿಗೆ ಇನ್ನೊಂದು ರೂಪ ಬಂತು: ದಂತವೈದ್ಯರಿಗೂ ವಿಶ್ವ ಆರೋಗ್ಯ ಸಂಸ್ಥೆಗೂ ಜಟಾಪಟಿ. ಮಾರ್ಗಸೂಚಿಯನ್ನು ಪೂರ್ತಿ ಓದಿದ್ದರೆ ಇಬ್ಬರೂ ಎಷ್ಟೋ ವಿಷಯಗಳಲ್ಲಿ ಒಂದೇ ಕಡೆ ಇದ್ದರು ಎಂಬುದು ಗೊತ್ತಾಗುತ್ತಿತ್ತು. ತುರ್ತು ಚಿಕಿತ್ಸೆ ನಿಲ್ಲಬಾರದು ಎಂದು ಇಬ್ಬರೂ ಹೇಳುತ್ತಿದ್ದರು. ನನ್ನ ಮೇಜಿಗೆ ಆ ತುಣುಕು ತಂದಿಟ್ಟವರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ಅದು ವರದಿಯ ಏಳನೆಯ ಪ್ಯಾರಾದಲ್ಲಿತ್ತು, ನಾನು ಆಮೇಲೆ ಹುಡುಕಿ ಓದಿದೆ. ಮೊದಲ ಎರಡು ಪ್ಯಾರಾ ಓದಿ ಪತ್ರಿಕೆ ಮಡಚಿಡುವವರೇ ಹೆಚ್ಚು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆದರೆ ಭಯ ಆಗಸ್ಟ್‌ನಲ್ಲಿ ಹುಟ್ಟಿದ್ದಲ್ಲ. ಸಾಂಕ್ರಾಮಿಕ ಎಂದು ಘೋಷಣೆಯಾಗಿ ನಾಲ್ಕೇ ದಿನಕ್ಕೆ, 2020ರ ಮಾರ್ಚ್ 15ರಂದು, ನ್ಯೂಯಾರ್ಕ್ ಟೈಮ್ಸ್ ಒಂದು ನಕ್ಷೆ ಪ್ರಕಟಿಸಿತು. ಯಾವ ಉದ್ಯೋಗದಲ್ಲಿ ಸೋಂಕಿನ ಅಪಾಯ ಎಷ್ಟು ಎಂದು ಗುಳ್ಳೆಗಳಲ್ಲಿ ತೋರಿಸುವ ಚಿತ್ರ. ಒಂದು ಅಕ್ಷದಲ್ಲಿ ಜನರಿಗೆ ಎಷ್ಟು ಹತ್ತಿರ ಕೆಲಸ ಮಾಡುತ್ತಾರೆ ಎಂಬುದು, ಇನ್ನೊಂದರಲ್ಲಿ ಕಾಯಿಲೆಗೆ ಎಷ್ಟು ಒಡ್ಡಿಕೊಳ್ಳುತ್ತಾರೆ ಎಂಬುದು. ಮೇಲಿನ ಬಲತುದಿಯಲ್ಲಿ ನಾವಿದ್ದೆವು, ದಂತವೈದ್ಯರು ಮತ್ತು ಹಲ್ಲು ಸ್ವಚ್ಛಗೊಳಿಸುವ ನಮ್ಮ ಸಹಾಯಕರು. ಆ ಚಿತ್ರ ಲೋಕವನ್ನೆಲ್ಲ ಸುತ್ತಿತು. ನನ್ನ ಮೊಬೈಲಿಗೇ ಎಷ್ಟೋ ಜನ ಕಳಿಸಿದರು. ನಮ್ಮ ಸಹಾಯಕಿಯ ತಾಯಿ ಮಗಳ ಕೆಲಸ ಬಿಡಿಸಬೇಕೆಂದು ಅಳುತ್ತ ಫೋನ್ ಮಾಡಿದ್ದೂ ಅದನ್ನು ನೋಡಿಯೇ.

ಆ ನಕ್ಷೆಯನ್ನು ಸುಳ್ಳು ಎನ್ನಲಾರೆ. ಅದರ ಅಂಕಿಗಳು ಅಮೆರಿಕದ ಕಾರ್ಮಿಕ ಇಲಾಖೆಯ ಉದ್ಯೋಗ ಮಾಹಿತಿಕೋಶದಿಂದ ಬಂದವು, ಪತ್ರಿಕೆ ಅದನ್ನು ಹೇಳಿಯೂ ಇತ್ತು. ಆದರೆ ಅವು ಕೊರೊನಾ ಬರುವ ಮೊದಲು, ಕೆಲಸದ ಸ್ವರೂಪದ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳು. ಎಷ್ಟು ದಂತವೈದ್ಯರಿಗೆ ಸೋಂಕು ತಗುಲಿತು ಎಂಬ ಲೆಕ್ಕ ಅದರಲ್ಲಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಮಾಸ್ಕ್, ಗ್ಲೌಸ್, ಗಾಳಿಯ ವ್ಯವಸ್ಥೆ ಯಾವುದೂ ಅಲ್ಲಿ ಲೆಕ್ಕಕ್ಕಿಲ್ಲ. 'ಒಡ್ಡಿಕೊಳ್ಳುವ ಸಾಧ್ಯತೆ' ಮತ್ತು 'ಸೋಂಕು' ಎರಡೂ ಬೇರೆ ಎಂಬ ಒಂದು ಸಾಲನ್ನು ನಕ್ಷೆಯನ್ನು ಎತ್ತಿ ಹಾಕಿಕೊಂಡ ಪತ್ರಿಕೆಗಳು ಸೇರಿಸಬಹುದಿತ್ತು.

ನಿಜವಾದ ಲೆಕ್ಕ ಬಂದದ್ದು ಆಮೇಲೆ. 2020ರ ಜೂನ್‌ನಲ್ಲಿ ಅಮೆರಿಕದ 2,195 ದಂತವೈದ್ಯರನ್ನು ಕೇಳಿ ನಡೆಸಿದ ಸಮೀಕ್ಷೆ ಅಕ್ಟೋಬರ್‌ನಲ್ಲಿ ಎಡಿಎ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಸೋಂಕು ತಗುಲಿದವರು, ತಗುಲಿರಬಹುದಾದವರು ಸೇರಿ ಶೇ 0.9. ಇದನ್ನೂ ಉಬ್ಬಿಸಿ ಹೇಳಲು ನನಗೆ ಇಷ್ಟವಿಲ್ಲ. ಉತ್ತರಿಸಿದವರು ತಾವಾಗಿ ಒಪ್ಪಿ ಉತ್ತರಿಸಿದವರು, ಪರೀಕ್ಷೆ ಮಾಡಿಸಿಕೊಂಡಿದ್ದವರು ಅವರಲ್ಲಿ ಕೆಲವರೇ, ಆ ದಿನಗಳಲ್ಲಿ ಚಿಕಿತ್ಸಾಲಯಗಳಿಗೆ ಬರುತ್ತಿದ್ದ ರೋಗಿಗಳೂ ಕಡಿಮೆ. ಆದರೂ ಅದು ಊಹೆಯ ಮೇಲಲ್ಲ, ಎಣಿಕೆಯ ಮೇಲೆ ನಿಂತ ಸಂಖ್ಯೆ. ಮಾರ್ಚ್‌ನ ನಕ್ಷೆ ಕಂಡಷ್ಟು ಕಡೆ ಅಕ್ಟೋಬರ್‌ನ ಈ ಸಂಖ್ಯೆ ನನಗೆ ಕಾಣಲಿಲ್ಲ. ನಾನು ತರಿಸುತ್ತಿದ್ದ ಯಾವ ಪತ್ರಿಕೆಯ ಮುಖಪುಟದಲ್ಲೂ ಅದು ಬರಲಿಲ್ಲ.

ಹಾಗಾದರೆ ಭಯ ಬರೀ ಪತ್ರಿಕೆಗಳ ಸೃಷ್ಟಿಯೇ? ಖಂಡಿತ ಅಲ್ಲ. ಮಾರ್ಚ್‌ನಲ್ಲಿ ನನಗೂ ಭಯವಾಗಿತ್ತು. ಯಾಕೆ ಎಂದು ತಿಳಿಯಬೇಕಾದರೆ ನನ್ನ ಕುರ್ಚಿಯ ಪಕ್ಕ ಬಂದು ನಿಲ್ಲಬೇಕು. ಹಲ್ಲು ಕೊರೆಯುವ ಹ್ಯಾಂಡ್‌ಪೀಸ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದ ಬಿಸಿಗೆ ಹಲ್ಲಿನೊಳಗಿನ ಜೀವಂತ ತಿರುಳು ಸುಟ್ಟುಹೋಗದಂತೆ ತುದಿಯಿಂದ ನೀರು ಚಿಮ್ಮುತ್ತಲೇ ಇರಬೇಕು. ಹಲ್ಲಿನ ಕಿಟ್ಟ ತೆಗೆಯುವ ಅಲ್ಟ್ರಾಸಾನಿಕ್ ಸ್ಕೇಲರ್ ಸೆಕೆಂಡಿಗೆ ಇಪ್ಪತ್ತೈದು, ಮೂವತ್ತು ಸಾವಿರ ಸಲ ಕಂಪಿಸುತ್ತದೆ. ಅದಕ್ಕೂ ನೀರು ಬೇಕು. ಕೋಣೆಯ ದೀಪಗಳನ್ನೆಲ್ಲ ಆರಿಸಿ ಕುರ್ಚಿಯ ದೀಪವೊಂದನ್ನೇ ಉರಿಸಿ ನೋಡಿದರೆ, ಬೆಳಕಿನ ಕೋಲಿನಲ್ಲಿ ಆ ತುಂತುರು ಮಂಜಿನಂತೆ ಮೇಲೇಳುವುದು ಕಾಣುತ್ತದೆ. ರೋಗಿಯ ಬಾಯಿಂದ ನನ್ನ ಮುಖಕ್ಕೆ ಒಂದು ಗೇಣು ದೂರ. ವೈರಸ್ ಎಂಜಲಿನಲ್ಲಿದೆ ಎಂದು ಗೊತ್ತಾದ ಮೇಲೆ ಆ ಮಂಜನ್ನು ನೋಡುತ್ತ ಕೆಲಸ ಮಾಡಲು ಎದೆ ಗಟ್ಟಿ ಬೇಕಿತ್ತು.

ಆ ಮಂಜಿನಲ್ಲಿ ಏನಿರುತ್ತದೆ ಎಂಬ ಪ್ರಶ್ನೆಗೆ 2021ರ ಮೇ ತಿಂಗಳಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ತಂಡವೊಂದು ಉತ್ತರ ಕೊಟ್ಟಿತು. 28 ರೋಗಿಗಳ ಚಿಕಿತ್ಸೆಯ ವೇಳೆ ಎದ್ದ ತುಂತುರನ್ನು ಹಿಡಿದು, ಅದರಲ್ಲಿದ್ದ ಸೂಕ್ಷ್ಮಜೀವಿಗಳು ಎಲ್ಲಿಂದ ಬಂದವು ಎಂದು ವಂಶವಾಹಿ ಪರೀಕ್ಷೆಯಿಂದ ಪತ್ತೆ ಮಾಡಿತು. ಬಹುಪಾಲು ಬಂದದ್ದು ಉಪಕರಣದ ನೀರಿನಿಂದ. ಎಂಜಲಿನ ಪಾಲು ಬಹಳ ಕಡಿಮೆ. ಕೆಲವರ ಎಂಜಲಿನಲ್ಲಿ ಅಲ್ಪ ಪ್ರಮಾಣದಲ್ಲಿ ಕೊರೊನಾ ವೈರಸ್ ಇದ್ದರೂ ತುಂತುರಿನಲ್ಲಿ ಅದು ಪತ್ತೆಯಾಗಲಿಲ್ಲ. ಚಿಕ್ಕ ಅಧ್ಯಯನ, ಇದೊಂದರಿಂದಲೇ ಎಲ್ಲ ಇತ್ಯರ್ಥವಾಗುವುದಿಲ್ಲ. ಆದರೆ ಹೀಗೆ ಹಂತಹಂತವಾಗಿ ತಿಳಿವಳಿಕೆ ಬದಲಾಗುವುದನ್ನು ಓದುಗರಿಗೆ ತೋರಿಸುವುದು ನಿಮ್ಮ ಕೆಲಸವಾಗಿತ್ತು. ಮಾರ್ಚ್‌ನಲ್ಲಿ ಅಚ್ಚಾದ ಅಪಾಯದ ಚಿತ್ರವೇ ಮುಂದಿನ ಮೇ ತಿಂಗಳಲ್ಲೂ ಜನರ ಕಣ್ಣೆದುರು ಇತ್ತು.

ಇಂಗ್ಲೆಂಡಿನ ಕತೆಯನ್ನು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಅಲ್ಲಿ ಬಾಗಿಲು ಮುಚ್ಚಿದ್ದು ಹೆದರಿಕೆಯಿಂದಲ್ಲ, ಆದೇಶದಿಂದ. 2020ರ ಮಾರ್ಚ್ 25ರಂದು ವಾಡಿಕೆಯ ದಂತಚಿಕಿತ್ಸೆಯನ್ನೆಲ್ಲ ನಿಲ್ಲಿಸಲು ಹೇಳಲಾಯಿತು. ಮತ್ತೆ ತೆರೆದದ್ದು ಜೂನ್ 8ರಂದು. ನಡುವಿನ ಎರಡೂವರೆ ತಿಂಗಳು ಫೋನಿನಲ್ಲೇ ವಿಚಾರಿಸಿ ಸಲಹೆ, ನೋವಿನ ಮಾತ್ರೆ, ಆಂಟಿಬಯಾಟಿಕ್ ಈ ಮೂರನ್ನು ಕೊಡುವುದು, ತೀರಾ ಅಗತ್ಯವಿದ್ದವರನ್ನು ತುರ್ತು ದಂತಚಿಕಿತ್ಸಾ ಕೇಂದ್ರಗಳಿಗೆ ಕಳಿಸುವುದು ಎಂದು ನಿಗದಿಯಾಯಿತು. ಆ ಕೇಂದ್ರಗಳು ಶುರುವಾಗಲು ತಡವಾಯಿತು, ರಕ್ಷಣಾ ಉಡುಪಿಗೆ ಕೊರತೆಯಿತ್ತು. ಇವೆಲ್ಲ ಸುದ್ದಿಯಾದವು, ಆಗಲೇಬೇಕಿತ್ತು. ಆದರೆ ಹೆಚ್ಚು ಓಡಿದ ಸುದ್ದಿ ಇಕ್ಕಳದಿಂದ ತಮ್ಮ ಹಲ್ಲನ್ನು ತಾವೇ ಕಿತ್ತುಕೊಂಡವರದು. ಇಕ್ಕಳದ ಫೋಟೊ, ಕಿತ್ತ ಹಲ್ಲಿನ ಫೋಟೊ, ಎಷ್ಟು ಹೊತ್ತು ಹಿಡಿಯಿತು ಎಂಬ ವಿವರ. ಅವರ ಸಂಕಟ ನಿಜ, ಅದನ್ನು ಬರೆದದ್ದು ತಪ್ಪೆನ್ನಲಾರೆ. ಅದರ ಪಕ್ಕದಲ್ಲೇ, ಹೀಗೆ ಮಾಡಿದರೆ ದವಡೆಯ ಮೂಳೆ ಮುರಿಯಬಹುದು, ಬೇರು ಒಳಗೇ ಉಳಿಯಬಹುದು, ರಕ್ತ ನಿಲ್ಲದೆ ಹೋಗಬಹುದು, ಬದಲಿಗೆ ಈ ಸಂಖ್ಯೆಗೆ ಕರೆ ಮಾಡಿ ಎಂಬ ನಾಲ್ಕು ಸಾಲಿನ ಚೌಕವೊಂದು ಇದ್ದಿದ್ದರೆ! ನಾನು ಓದಿದವುಗಳಲ್ಲಿ ಅಂಥ ಚೌಕ ಸಿಕ್ಕಿದ್ದು ಅಪರೂಪ.

ಆಂಟಿಬಯಾಟಿಕ್ ವಿಷಯವಂತೂ ಪೂರ್ತಿ ಕಣ್ತಪ್ಪಿತು. 2020ರ ಏಪ್ರಿಲ್‌ನಿಂದ ಜುಲೈವರೆಗೆ ಇಂಗ್ಲೆಂಡಿನ ಸರ್ಕಾರಿ ದಂತಸೇವೆಯಲ್ಲಿ ಬರೆದುಕೊಟ್ಟ ಆಂಟಿಬಯಾಟಿಕ್‌ಗಳ ಪ್ರಮಾಣ ಹಿಂದಿನ ವರ್ಷದ ಇದೇ ತಿಂಗಳುಗಳಿಗಿಂತ ಶೇ 25ರಷ್ಟು ಹೆಚ್ಚಿತ್ತು. ಒಂದು ಹಲ್ಲಿನೊಳಗಿನ ತಿರುಳು ಸತ್ತು ಕೊಳೆತಾಗ ಅಲ್ಲಿಗೆ ರಕ್ತದ ಹರಿವು ಇರುವುದಿಲ್ಲ. ಮಾತ್ರೆಯ ಔಷಧ ರಕ್ತದ ಮೂಲಕವೇ ಹೋಗಬೇಕು, ಹಾಗಾಗಿ ಸೋಂಕಿನ ಮೂಲಕ್ಕೆ ಅದು ತಲುಪುವುದೇ ಇಲ್ಲ. ಸುತ್ತಲಿನ ಬಾವು ನಾಲ್ಕು ದಿನ ಇಳಿದಂತೆ ಕಂಡು ಮತ್ತೆ ಏಳುತ್ತದೆ. ಹಲ್ಲನ್ನು ತೆರೆದು ನಾಳವನ್ನು ತೊಳೆಯಬೇಕು, ಇಲ್ಲವೇ ಕೀಳಬೇಕು, ಕೀವಿದ್ದರೆ ಹೊರಬಿಡಬೇಕು. ಮಾತ್ರೆಯಿಂದ ಹಲ್ಲುನೋವು ಗುಣವಾಗುತ್ತದೆ ಎಂದು ನಂಬಿ, ಇದ್ದಬದ್ದ ಹಳೆಯ ಚೀಟಿ ತೋರಿಸಿ ಔಷಧ ತಂದು ನುಂಗಿ ಕೂತವರು ನಮ್ಮಲ್ಲಿಗೆ ಬಂದದ್ದು ಒಬ್ಬಿಬ್ಬರಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ಬಗ್ಗೆ ನಿಮ್ಮ ಪತ್ರಿಕೆಗಳೇ ವಿಶೇಷ ಪುಟ ತರುತ್ತವೆ. ಆ ಪುಟಕ್ಕೂ ಈ ಶೇ 25ಕ್ಕೂ ಇರುವ ನಂಟನ್ನು ಯಾರಾದರೂ ಹೆಣೆದಿದ್ದರೆ ಎಷ್ಟು ಒಳ್ಳೆಯ ವರದಿಯಾಗುತ್ತಿತ್ತು!

ಮತ್ತೆ ತೆರೆದ ಮೇಲಿನ ದೂರು ಇನ್ನೊಂದು ಬಗೆಯದು. 'ತೆರೆದಿದ್ದರೂ ಅಪಾಯಿಂಟ್‌ಮೆಂಟ್ ಕೊಡುತ್ತಿಲ್ಲ' ಎಂದು ಬರೆದಿರಿ. ಇಂಗ್ಲೆಂಡಿನಲ್ಲಿ ಮೊದಮೊದಲು, ತುಂತುರೇಳುವ ಚಿಕಿತ್ಸೆ ಮುಗಿದ ಮೇಲೆ ಗಾಳಿ ತಿಳಿಯಾಗಲೆಂದು ಕೋಣೆಯನ್ನು 60 ನಿಮಿಷದವರೆಗೆ ಖಾಲಿ ಬಿಡಬೇಕೆಂಬ ನಿಯಮವಿತ್ತು. ದಿನಕ್ಕೆ ಎಷ್ಟು ಜನರನ್ನು ನೋಡಲು ಸಾಧ್ಯ, ನೀವೇ ಲೆಕ್ಕ ಹಾಕಿ. ಆ ಖಾಲಿ ಗಂಟೆಯ ಬಗ್ಗೆ ಓದುಗರಿಗೆ ಗೊತ್ತಿದ್ದರೆ ಸ್ವಾಗತಕಾರಿಣಿಯರು ಅಷ್ಟು ಬೈಗುಳ ತಿನ್ನುತ್ತಿರಲಿಲ್ಲ.

ಈಗ ಸಂಖ್ಯೆಗಳ ಮಾತಿಗೆ ಬರುತ್ತೇನೆ. ನನ್ನ ಮನಸ್ಸಿಗೆ ಹೆಚ್ಚು ಕೊರೆದದ್ದು ಇದು.

2021ರ ಫೆಬ್ರುವರಿಯಲ್ಲಿ ಕತಾರ್‌ನ ಒಂದು ಅಧ್ಯಯನ ಪ್ರಕಟವಾಯಿತು. ಕೋವಿಡ್ ಬಂದ 568 ಜನರ ಆಸ್ಪತ್ರೆ ದಾಖಲೆ ಮತ್ತು ಹಲ್ಲಿನ ಎಕ್ಸ್‌ರೇಗಳನ್ನು ಜೋಡಿಸಿ, ವಸಡಿನ ಕಾಯಿಲೆಯಿಂದ ಮೂಳೆ ಸವೆದವರಲ್ಲಿ ಕೋವಿಡ್ ತೀವ್ರವಾಯಿತೇ ಎಂದು ನೋಡಿದ ಕೆಲಸ. ಮರುದಿನದಿಂದಲೇ ತಲೆಬರಹಗಳು: ವಸಡಿನ ಕಾಯಿಲೆ ಇದ್ದರೆ ಕೋವಿಡ್‌ನಿಂದ ಸಾಯುವ ಅಪಾಯ 9 ಪಟ್ಟು ಹೆಚ್ಚು. ಅಂದು ಸಂಜೆ ನಮ್ಮ ಫೋನ್ ಬಿಡುವಿಲ್ಲದೆ ರಿಂಗಣಿಸಿತು. ಹಲ್ಲುಜ್ಜುವಾಗ ರಕ್ತ ಬರುತ್ತದೆ, ನಾನು ಸಾಯುತ್ತೇನೆಯೇ ಎಂದು ಒಬ್ಬ ಹೆಣ್ಣುಮಗಳು ಕೇಳಿದ ದನಿ ನನಗಿನ್ನೂ ನೆನಪಿದೆ.

ಪ್ರಬಂಧವನ್ನು ತೆರೆದು ನೋಡಿದರೆ ಆ ಸಂಖ್ಯೆ 8.81. ಅದರ ಪಕ್ಕದಲ್ಲಿ ಇನ್ನೆರಡು ಸಂಖ್ಯೆಗಳಿವೆ, ನಿಜವಾದ ಮೌಲ್ಯ ಯಾವುದರಿಂದ ಯಾವುದರ ನಡುವೆ ಇರಬಹುದು ಎಂದು ತೋರಿಸುವವು: 1.00ರಿಂದ 77.7. ಒಂದು ಪಟ್ಟು ಎಂದರೆ ಯಾವ ವ್ಯತ್ಯಾಸವೂ ಇಲ್ಲ ಎಂದರ್ಥ. ಅಂದರೆ ಅಧ್ಯಯನ ಹೇಳುತ್ತಿದ್ದದ್ದು, ವ್ಯತ್ಯಾಸ ಇಲ್ಲದಿರುವುದರಿಂದ ಹಿಡಿದು ಎಪ್ಪತ್ತೇಳು ಪಟ್ಟಿನವರೆಗೆ ಏನೂ ಇರಬಹುದು ಎಂದು. ವ್ಯಾಪ್ತಿ ಇಷ್ಟು ಅಗಲವಾಗಲು ಕಾರಣವೂ ಸರಳ. 568 ಜನರಲ್ಲಿ ತೀವ್ರ ತೊಂದರೆಗೆ ಒಳಗಾದವರು ಒಟ್ಟು 40; ಸತ್ತವರು ಅವರಲ್ಲೂ ಒಂದು ಭಾಗ. ಅಷ್ಟು ಕಡಿಮೆ ಎಣಿಕೆಯಿಂದ ಗಟ್ಟಿಯಾದ ಪಟ್ಟು ಲೆಕ್ಕ ಸಿಗುವುದಿಲ್ಲ. ತೀವ್ರ ನಿಗಾ ಘಟಕ ಸೇರುವ ಬಗೆಗಿನ ಸಂಖ್ಯೆ 3.54 ಇದಕ್ಕಿಂತ ಗಟ್ಟಿಯಾಗಿತ್ತು, ಅದರ ವ್ಯಾಪ್ತಿ ಕಿರಿದಾಗಿತ್ತು. ಆದರೆ ತಲೆಬರಹಕ್ಕೆ ಏರಿದ್ದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಸಡಿಲವಾದದ್ದು. ನಂಟಿದೆ ಎಂದ ಮಾತ್ರಕ್ಕೆ ಒಂದರಿಂದ ಇನ್ನೊಂದು ಆಯಿತು ಎಂದಾಗುವುದಿಲ್ಲ ಎಂಬ ಎಚ್ಚರವೂ ಕಳೆದುಹೋಯಿತು. ವಸಡಿನ ಕಾಯಿಲೆ ಇರುವವರಲ್ಲಿ ಮಧುಮೇಹ, ಧೂಮಪಾನ ಹೆಚ್ಚು. ಸಂಶೋಧಕರು ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು, ಆದರೂ ಇಂಥ ಅಧ್ಯಯನಗಳಲ್ಲಿ ಪೂರ್ತಿ ಬೇರ್ಪಡಿಸುವುದು ಕಷ್ಟ.

ವಸಡು ನೋಡಿಕೊಳ್ಳಿ ಎಂದು ದಿನವೂ ಹೇಳುವವಳು ನಾನು. ಈ ತಲೆಬರಹದಿಂದ ನನ್ನ ಕೆಲಸಕ್ಕೆ ಲಾಭವೇ ಆಗಬಹುದಿತ್ತು. ಹೆದರಿಸಿ ಕರೆತರುವ ಲಾಭ ನನಗೆ ಬೇಡ. ಹೆದರಿ ಬಂದವರು ಹೆದರಿಕೆ ಕಳೆದ ಮೇಲೆ ಬರುವುದಿಲ್ಲ. ವಸಡಿನ ಚಿಕಿತ್ಸೆ ವರ್ಷಗಟ್ಟಲೆ ನಡೆಯಬೇಕಾದದ್ದು.

ಬಾಯಿ ಮುಕ್ಕಳಿಸುವ ದ್ರಾವಣದ ಸುದ್ದಿಯೂ ಇದೇ ಜಾತಿಯದು. 2020ರ ನವೆಂಬರ್‌ನಲ್ಲಿ ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ಪ್ರಯೋಗಾಲಯದ ಫಲಿತಾಂಶ '30 ಸೆಕೆಂಡಿನಲ್ಲಿ ಕೊರೊನಾ ನಾಶ' ಎಂದಾಯಿತು. ಪ್ರಯೋಗ ನಡೆದದ್ದು ಲ್ಯಾಬಿನಲ್ಲಿ. ಮನುಷ್ಯನ ಬಾಯಲ್ಲಿ ವೈರಸ್ ಜೀವಕೋಶಗಳ ಒಳಗೂ, ಮೂಗಿನಲ್ಲೂ, ಗಂಟಲಿನ ಆಳದಲ್ಲೂ ಇರುತ್ತದೆ. ಮುಕ್ಕಳಿಸಿ ಉಗುಳಿದ ನೀರು ಅಲ್ಲಿಗೆ ಹೋಗುವುದಿಲ್ಲ. ಅದೇ ಶರತ್ಕಾಲದಲ್ಲಿ ಬಂದ ಇನ್ನೊಂದು ಅಮೆರಿಕನ್ ಪ್ರಯೋಗದಲ್ಲಂತೂ ಬಳಸಿದ್ದು ಕೋವಿಡ್ ವೈರಸ್ಸನ್ನೇ ಅಲ್ಲ, ನೆಗಡಿ ತರುವ ಅದರ ದಾಯಾದಿ 229ಇ ಎಂಬುದನ್ನು. 'ಲ್ಯಾಬಿನಲ್ಲಿ' ಎಂಬ ಒಂದು ಪದಕ್ಕೆ ತಲೆಬರಹದಲ್ಲಿ ಜಾಗ ಸಿಕ್ಕಿದ್ದರೆ ಸಾಕಿತ್ತು.

ನೀವು ಚೆನ್ನಾಗಿ ಮಾಡಿದ್ದನ್ನೂ ಹೇಳಬೇಕು, ಇಲ್ಲದಿದ್ದರೆ ಈ ಪತ್ರಕ್ಕೆ ನ್ಯಾಯವಿರುವುದಿಲ್ಲ. ಲಾಕ್‌ಡೌನಿನ ಒತ್ತಡದಲ್ಲಿ ಜನ ನಿದ್ದೆಯಲ್ಲಿ ಹಲ್ಲು ಕಡಿಯುವುದು ಹೆಚ್ಚಾಗಿ ಹಲ್ಲು ಸೀಳು ಬಿಡುತ್ತಿರುವ ಸಂಗತಿಯನ್ನು ಮೊದಲು ಓದುಗರಿಗೆ ಮುಟ್ಟಿಸಿದ್ದು ಪತ್ರಿಕೆಗಳೇ. ಆಮೇಲೆ 2021ರ ಆರಂಭದಲ್ಲಿ ಎಡಿಎ ಕೇಳಿದಾಗ ಶೇ 70ಕ್ಕೂ ಹೆಚ್ಚು ದಂತವೈದ್ಯರು ಹೌದು, ಹಲ್ಲು ಕಡಿಯುವವರು ಹೆಚ್ಚಿದ್ದಾರೆ ಎಂದರು. ಆ ಬರಹಗಳನ್ನು ಓದಿಕೊಂಡು ಬಂದ ಎಷ್ಟೋ ಜನರ ಹಲ್ಲು ಪೂರ್ತಿ ಸೀಳುವ ಮೊದಲೇ ಉಳಿಯಿತು. ಕಷ್ಟವನ್ನೆಲ್ಲ ಹಲ್ಲುಕಚ್ಚಿ ಸಹಿಸಿದವರ ಹಲ್ಲಿನ ಮೇಲೆ ಅದರ ಗುರುತು ಹೇಗೆ ಬೀಳುತ್ತದೆ ಎಂದು ಅಷ್ಟು ತಾಳ್ಮೆಯಿಂದ ಬರೆದ ವರದಿಗಾರರಿಗೆ ನಾನು ಕೃತಜ್ಞಳು. ಯಾವ ಚಿಕಿತ್ಸಾಲಯ ತೆರೆದಿದೆ ಎಂದು ದಿನವೂ ಫೋನ್ ಮಾಡಿ ವಿಚಾರಿಸಿ, ಪುಟದ ಮೂಲೆಯಲ್ಲಿ ಪಟ್ಟಿ ಹಾಕುತ್ತಿದ್ದ ಒಬ್ಬ ಕಿರಿಯ ವರದಿಗಾರ್ತಿ ನನಗೆ ಗೊತ್ತು. ಆ ಪಟ್ಟಿಗೆ ಶೀರ್ಷಿಕೆಯೂ ಇರಲಿಲ್ಲ, ಬರೆದವಳ ಹೆಸರೂ ಇರಲಿಲ್ಲ.

ಇನ್ನೊಂದು ಅವಕಾಶ ಕೈತಪ್ಪಿದ್ದು ಭಾರತದಲ್ಲಿ, 2021ರ ಎರಡನೇ ಅಲೆಯಲ್ಲಿ. ಮ್ಯೂಕರ್‌ಮೈಕೋಸಿಸ್ ಎಂಬ ಶಿಲೀಂಧ್ರ ಸೋಂಕು ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದವರನ್ನು, ಅದರಲ್ಲೂ ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರನ್ನು, ಸ್ಟೀರಾಯ್ಡ್ ತೆಗೆದುಕೊಂಡವರನ್ನು ಹಿಡಿಯಿತು. ಅದಕ್ಕೆ 'ಬ್ಲ್ಯಾಕ್ ಫಂಗಸ್' ಎಂಬ ಹೆಸರು ಅಂಟಿತು. ಬೆನ್ನಿಗೇ ಬಿಳಿ ಫಂಗಸ್, ಹಳದಿ ಫಂಗಸ್ ಎಂದು ದಿನಕ್ಕೊಂದು ಬಣ್ಣ ಬಂತು. ಆ ಶಿಲೀಂಧ್ರ ಕಪ್ಪಗಿರುವುದಿಲ್ಲ. ಅದು ರಕ್ತನಾಳಗಳನ್ನು ಹೊಕ್ಕು ಮುಚ್ಚಿದಾಗ ಅಲ್ಲಿನ ಅಂಗಾಂಶ ಸತ್ತು ಕಪ್ಪಾಗುತ್ತದೆ. ಈ ಸೋಂಕು ಹೆಚ್ಚಾಗಿ ನೆಲೆಯೂರುವುದು ಮೂಗಿನ ಪಕ್ಕದ ಸೈನಸ್ ಎಂಬ ಟೊಳ್ಳಿನಲ್ಲಿ, ಅದರ ನೆಲವೇ ಮೇಲ್ದವಡೆಯ ಹಲ್ಲುಗಳ ಬೇರಿನ ಛಾವಣಿ. ಹಾಗಾಗಿ ಎಷ್ಟೋ ರೋಗಿಗಳಲ್ಲಿ ಕಾಣುವ ಮೊದಲ ಲಕ್ಷಣ ಬಾಯಲ್ಲೇ: ಗಟ್ಟಿಮುಟ್ಟಾಗಿದ್ದ ಮೇಲಿನ ಹಲ್ಲುಗಳು ಇದ್ದಕ್ಕಿದ್ದಂತೆ ಅಲುಗಾಡುವುದು, ಅಂಗುಳಿನ ಬಣ್ಣ ಮಾಸುವುದು, ಕೆನ್ನೆ ಜೋಮು ಹಿಡಿಯುವುದು. ಕಣ್ಣು ಕಳೆದುಕೊಂಡವರ ಚಿತ್ರಗಳು ಪುಟಪುಟದಲ್ಲಿ ಬಂದವು. ಕಣ್ಣಿಗೆ ತಲುಪುವ ಎಷ್ಟೋ ದಿನ ಮೊದಲೇ ಹಲ್ಲು ಅಲುಗಾಡಿರಬಹುದು, ಆಗಲೇ ಬಂದರೆ ಕಣ್ಣು ಉಳಿಯಬಹುದು ಎಂಬ ಮಾತು ಆ ಚಿತ್ರಗಳ ಕೆಳಗೆ ಬರಬೇಕಿತ್ತು. ಅದೇ ಓದುಗರಿಗೆ ಹಿಂದಿನ ವರ್ಷ ದಂತವೈದ್ಯರ ಬಳಿ ಹೋಗಬೇಡಿ ಎಂದು ಹೇಳಿದ್ದಿರಿ. ಹಲ್ಲು ಅಲುಗಾಡಿದರೂ ಎಷ್ಟು ಜನ ಮನೆಯಲ್ಲೇ ಕಾದರೋ, ನೆನೆದರೆ ಸಂಕಟವಾಗುತ್ತದೆ.

ಒಂದು ಸಲ ಬಿದ್ದ ಭಯ ಬೇಗ ಹೋಗುವುದಿಲ್ಲ, ಇದು ನಮ್ಮ ವೃತ್ತಿಗೆ ಮೊದಲೇ ಅನುಭವಕ್ಕೆ ಬಂದಿದೆ. 1990ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಫ್ಲಾರಿಡಾದ ಏಡ್ಸ್ ಪೀಡಿತ ದಂತವೈದ್ಯರೊಬ್ಬರಿಂದ ರೋಗಿಗೆ ಎಚ್‌ಐವಿ ಹರಡಿರಬಹುದು ಎಂದು ವರದಿ ಮಾಡಿತು. ಕೊನೆಗೆ ಅಂಥ ಆರು ರೋಗಿಗಳು ಸಿಕ್ಕರು. ವೈರಸ್ ಹೇಗೆ ದಾಟಿತು ಎಂಬುದು ಕೊನೆಗೂ ಖಚಿತವಾಗಲಿಲ್ಲ. ಆರೂ ಜನರ ದುರಂತ ನಿಜವಾದದ್ದು. ಆದರೆ ಆ ಒಂದು ಚಿಕಿತ್ಸಾಲಯದ ಸುದ್ದಿಯಿಂದ ಹುಟ್ಟಿದ ಹೆದರಿಕೆ ಲೋಕದ ಎಲ್ಲ ದಂತವೈದ್ಯರ ಕುರ್ಚಿಗೂ ಬಂದು ಕೂತಿತು. ಅಂದಿನಿಂದ ಪ್ರತಿ ರೋಗಿಗೂ ಹೊಸ ಗ್ಲೌಸ್, ಪ್ರತಿ ಹ್ಯಾಂಡ್‌ಪೀಸಿಗೂ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್ ಎಂಬ ಶಿಸ್ತು ಇನ್ನಷ್ಟು ಗಟ್ಟಿಯಾಯಿತು. ಕೋವಿಡ್ ಬಂದಾಗ ಸೋಂಕು ತಡೆಯುವ ಅಭ್ಯಾಸದಲ್ಲಿ ನಾವು ಹೊಸಬರಾಗಿರಲಿಲ್ಲ. ಇದನ್ನೂ ಯಾರಾದರೂ ಬರೆಯಬಹುದಿತ್ತು.

ನಮ್ಮ ಕಡೆಯ ತಪ್ಪುಗಳೂ ಇವೆ. ನಿಮ್ಮ ವರದಿಗಾರರು ಫೋನ್ ಮಾಡಿದಾಗ ನಮ್ಮಲ್ಲಿ ಅನೇಕರು ಎತ್ತಲಿಲ್ಲ. ಎತ್ತಿದವರು ಸಾಮಾನ್ಯರಿಗೆ ತಿಳಿಯದ ಪರಿಭಾಷೆಯಲ್ಲಿ ಮಾತಾಡಿದರು. ನಮ್ಮ ಸಂಘಟನೆಗಳ ಪತ್ರಿಕಾ ಪ್ರಕಟಣೆಗಳಲ್ಲಿ ನಮ್ಮ ಆದಾಯ ನಷ್ಟದ ಮಾತು ಮೊದಲು ಬಂತು, ರೋಗಿಯ ನೋವು ಆಮೇಲೆ. ಮಾರ್ಗಸೂಚಿ ಬದಲಾದಾಗಲೆಲ್ಲ ಅದನ್ನು ಸರಳ ಮಾತಿನಲ್ಲಿ ಬರೆದು ನಿಮಗೆ ಕಳಿಸುವುದು ನಮ್ಮ ಹೊಣೆಯಾಗಿತ್ತು, ಕಳಿಸಲಿಲ್ಲ. ನಾನೂ ಕಳಿಸಲಿಲ್ಲ. ಆ ರೋಗಿ ತುಣುಕನ್ನು ಬಿಡಿಸಿಟ್ಟ ಮೇಲಷ್ಟೇ ನನಗೆ ಎಚ್ಚರವಾದದ್ದು.

ಹಲ್ಲಿನ ವಿಷಯ ಎಂದರೆ ನಗುವಿನ, ಅಂದದ ಪುಟಕ್ಕೆ ಹೋಗುವ ರೂಢಿಯನ್ನೂ ದಯವಿಟ್ಟು ಯೋಚಿಸಿ ನೋಡಿ. ಲೋಕದಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ಕಾಯಿಲೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ವರದಿಯಲ್ಲಿ ಹೇಳಿದೆ. 2021ರ ಮೇ ತಿಂಗಳಲ್ಲಿ, ಸಾಂಕ್ರಾಮಿಕದ ನಡುವೆಯೇ, ವಿಶ್ವ ಆರೋಗ್ಯ ಅಧಿವೇಶನ ಬಾಯಿಯ ಆರೋಗ್ಯದ ಬಗ್ಗೆ ನಿರ್ಣಯವೊಂದನ್ನು ಅಂಗೀಕರಿಸಿತು. ಆರೋಗ್ಯ ವರದಿ ಮಾಡುವವರ ಕೈಗೆ ಈ ವಿಷಯ ಬಂದರೆ ಷರತ್ತು, ವ್ಯಾಪ್ತಿ, ಲ್ಯಾಬ್ ಎಂಬ ಪದಗಳು ಅಷ್ಟು ಸುಲಭವಾಗಿ ಉದುರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಸಲ ಇಂಥ ಸಲಹೆ ಬಂದಾಗ 'ತುರ್ತಿದ್ದರೆ ಹೋಗಿ' ಎಂಬ ಎರಡು ಪದ ತಲೆಬರಹದಲ್ಲೇ ಇರಲಿ. ನೋವಿಗೆ ಎಲ್ಲಿಗೆ ಹೋಗಬೇಕು, ಯಾವ ಲಕ್ಷಣ ಕಂಡರೆ ಒಂದು ಗಂಟೆಯೂ ಕಾಯಬಾರದು ಎಂಬ ಪುಟ್ಟ ಚೌಕ ಪ್ರತಿದಿನ ಒಂದೇ ಜಾಗದಲ್ಲಿ ಬರಲಿ: ನುಂಗಲು ಆಗದಿರುವುದು, ಬಾಯಿ ತೆರೆಯಲು ಆಗದಿರುವುದು, ಬಾವು ಕಣ್ಣಿನ ಕಡೆಗೋ ಕುತ್ತಿಗೆಯ ಕಡೆಗೋ ಹೋಗುವುದು, ಜ್ವರದ ಜೊತೆ ಉಸಿರಿಗೆ ತೊಂದರೆ. ಮುಖಪುಟದಲ್ಲಿ ಬಂದ ತಪ್ಪಿಗೆ ತಿದ್ದುಪಡಿಯೂ ಮುಖಪುಟದಲ್ಲೇ ಬರಲಿ.

ನನ್ನ ಫೋನ್ ಸಂಖ್ಯೆಯನ್ನು ಈ ಪತ್ರದ ಜೊತೆ ನಿಮ್ಮ ಕಚೇರಿಗಳಿಗೆ ಪ್ರತ್ಯೇಕವಾಗಿ ಕಳಿಸುತ್ತಿದ್ದೇನೆ. ನನ್ನೊಂದಿಗೆ ಇನ್ನೂ ಆರು ಜನ ದಂತವೈದ್ಯರು ಒಪ್ಪಿದ್ದಾರೆ, ದಿನಕ್ಕೊಬ್ಬರಂತೆ. ಪುಟ ಮುಗಿಸುವ ಹೊತ್ತಿಗೆ, ರಾತ್ರಿ ಹನ್ನೊಂದಾದರೂ ಸರಿ, ಹನ್ನೆರಡಾದರೂ ಸರಿ, ಹಲ್ಲಿಗೆ ಸಂಬಂಧಿಸಿದ ತಲೆಬರಹವೊಂದರ ಬಗ್ಗೆ ನಿಮ್ಮ ಉಪಸಂಪಾದಕರಿಗೆ ಅನುಮಾನ ಬಂದರೆ ಕರೆ ಮಾಡಲಿ. ನಾವು ಎತ್ತುತ್ತೇವೆ.

ಇಂತಿ,
ಒಬ್ಬ ದಂತವೈದ್ಯೆ